ಸೊಂಟ ಎಲ್ಲಿದೆ, ನೋಡಿಕೊಳ್ಳಿ: ಹಿಡಿತದ ಆಟಗಳ ಬಗ್ಗೆ ಓದುಗರ ಪ್ರಶ್ನೆಗಳು, ಕೋಚ್ ಉತ್ತರಗಳು

ಕುಸ್ತಿ, ಜೂಡೊ, ಜಿಜಿತ್ಸು, ಮಿಶ್ರ ಸಮರಕಲೆ ಇವುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಕುಸ್ತಿಯಿಂದ ಶುರುಮಾಡಿ, ಆಮೇಲೆ ಜೂಡೊ ಕಲಿತು, ಈಗ ಎರಡನ್ನೂ ಕಲಿಸುವವಳು ನಾನು. ನನ್ನ ಒಲವು ನಿಂತು ಆಡುವ ಆಟದ ಕಡೆಗಿದೆ ಎಂಬುದು ಉತ್ತರಗಳಲ್ಲಿ ಗೊತ್ತಾಗುತ್ತದೆ, ಮುಚ್ಚಿಡುವುದಿಲ್ಲ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ನನಗೆ 24 ವರ್ಷ. ಮಿಶ್ರ ಸಮರಕಲೆಯ ಪಂದ್ಯಗಳನ್ನು ನೋಡಿ ಆಸಕ್ತಿ ಹುಟ್ಟಿದೆ. ಮುಂದಿನ ತಿಂಗಳು ತರಗತಿಗೆ ಸೇರುತ್ತಿದ್ದೇನೆ. ಅಷ್ಟರೊಳಗೆ ಆರ್ಮ್‌ಬಾರ್, ಟ್ರಯಾಂಗಲ್ ಇಂಥ ಯಾವ ಪಟ್ಟುಗಳನ್ನು ವಿಡಿಯೊ ನೋಡಿ ಅಭ್ಯಾಸ ಮಾಡಿಕೊಳ್ಳಲಿ?

ಯಾವುದೂ ಬೇಡ. ಆರ್ಮ್‌ಬಾರ್ ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಪಟ್ಟು, ಟ್ರಯಾಂಗಲ್ ಕಾಲುಗಳಿಂದ ಕತ್ತು ಅಮುಕುವ ಪಟ್ಟು. ಕೀಲು ತಿರುಚುವ ಪಟ್ಟನ್ನು ವಿಡಿಯೊ ನೋಡಿ ತಮ್ಮನ ಮೇಲೋ ಗೆಳೆಯನ ಮೇಲೋ ಪ್ರಯೋಗ ಮಾಡಬೇಡಿ. ಎಷ್ಟು ಒತ್ತಿದರೆ ಸಾಕು ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಈ ಒಂದು ತಿಂಗಳಲ್ಲಿ ಬೀಳುವುದನ್ನೂ ಏಳುವುದನ್ನೂ ಕಲಿತರೆ ತರಗತಿಯ ಮೊದಲ ದಿನವೇ ಕೋಚ್ ನಿಮ್ಮನ್ನು ಗುರುತಿಸುತ್ತಾರೆ.

ಹಿಂದಕ್ಕೆ ಬೀಳುವಾಗ ಎಲ್ಲರ ಕೈಯೂ ತಾನಾಗಿಯೇ ಹಿಂದೆ ಹೋಗಿ ನೆಲಕ್ಕೆ ಊರಿಕೊಳ್ಳುತ್ತದೆ. ಮೈಭಾರವೆಲ್ಲ ಆ ಒಂದು ಕೈಯ ಮೇಲೆ ಬೀಳುತ್ತದೆ. ಮಣಿಕಟ್ಟು, ಮೊಣಕೈ, ಕತ್ತಿನ ಬುಡದ ಮೂಳೆ, ಇವುಗಳಲ್ಲಿ ಯಾವುದಾದರೂ ಮುರಿಯುವುದು ಹೀಗೆಯೇ. ಆ ಅಭ್ಯಾಸವನ್ನು ಅಳಿಸುವುದೇ ಮೊದಲ ಪಾಠ. ದಪ್ಪನೆಯ ಮ್ಯಾಟ್ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ. ಗದ್ದವನ್ನು ಎದೆಗೆ ತಾಗಿಸಿ, ನಿಮ್ಮ ಸೊಂಟಪಟ್ಟಿಯ ಗಂಟನ್ನೇ ನೋಡುತ್ತಿರಿ. ಬೆನ್ನನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳಿ. ಬೆನ್ನಿನ ಮೇಲ್ಭಾಗ ನೆಲ ಮುಟ್ಟುವ ಹೊತ್ತಿಗೇ ಎರಡೂ ಕೈಗಳಿಂದ, ಅಂಗೈ ಕೆಳಗೆ ಮಾಡಿ, ನೆಲವನ್ನು ಜೋರಾಗಿ ಬಡಿಯಿರಿ. ಕೈಗಳು ಪಕ್ಕೆಯಿಂದ ಅರ್ಧ ಲಂಬಕೋನದಷ್ಟು ದೂರ ಇರಲಿ, ಹೆಗಲಿನ ಮಟ್ಟಕ್ಕೆ ಏರಬಾರದು. ತಲೆ ನೆಲಕ್ಕೆ ತಾಗಲೇಬಾರದು. ಜೂಡೊದವರು ಇದನ್ನು ಉಕೆಮಿ ಎನ್ನುತ್ತಾರೆ. ಕುಕ್ಕರುಗಾಲಿನಿಂದ ಸಲೀಸಾಗಿ ಬಂದ ಮೇಲೆ ಮಾತ್ರ ನಿಂತು ಬೀಳಿ.

ಏಳುವುದಕ್ಕೂ ಒಂದು ರೀತಿ ಇದೆ. ಎರಡೂ ಕೈ ಮುಂದೆ ಊರಿ, ತಲೆ ಬಗ್ಗಿಸಿ ಏಳುವವನ ಕತ್ತು ಎದುರಾಳಿಗೆ ಸುಲಭವಾಗಿ ಸಿಗುತ್ತದೆ. ಬಲಗೈಯನ್ನು ಹಿಂದೆ ಊರಿ, ಎಡ ಪಾದವನ್ನು ನೆಲಕ್ಕೆ ಒತ್ತಿ, ಸೊಂಟವನ್ನು ಮೇಲೆತ್ತಿ, ಆ ಎತ್ತಿದ ಜಾಗದಲ್ಲಿ ಬಲಗಾಲನ್ನು ಹಿಂದಕ್ಕೆ ಎಳೆದುಕೊಳ್ಳಿ. ಎಡಗೈ ಮುಖದ ಮುಂದೆ ಕಾವಲಿಗೆ ಇರಲಿ. ಇಷ್ಟಾದಾಗ ನೀವು ನಿಲುವಿಗೆ ಬಂದಿರುತ್ತೀರಿ: ಮೊಣಕಾಲು ತುಸು ಬಾಗಿ, ಒಂದು ಕಾಲು ಸ್ವಲ್ಪ ಮುಂದೆ, ಸೊಂಟ ಹೆಗಲಿನ ಕೆಳಗೆ, ಬೆನ್ನು ನೇರ. ಹೊಸಬರು ಮ್ಯಾಟ್ ಹತ್ತಿದಾಗ ನಾನು ಅವರ ಕೈ ನೋಡುವುದಿಲ್ಲ. ಸೊಂಟ ಎಲ್ಲಿದೆ ಎಂದು ನೋಡುತ್ತೇನೆ. ಮೊಣಕಾಲು ಬಗ್ಗಿಸುವ ಬದಲು ನಡು ಬಗ್ಗಿಸಿ ನಿಂತವನನ್ನು ಕೆಡವುವುದಕ್ಕೆ ಪಟ್ಟೇ ಬೇಕಾಗಿಲ್ಲ, ಕತ್ತಿನ ಹಿಂದೆ ಕೈಯಿಟ್ಟು ಒಮ್ಮೆ ಕೆಳಕ್ಕೆ ಎಳೆದರೆ ಸಾಕು.

ಪ್ರಶ್ನೆ: ಕುಸ್ತಿ, ಜೂಡೊ, ಬ್ರೆಜಿಲಿಯನ್ ಜಿಜಿತ್ಸು, ಸಾಂಬೊ. ಎಲ್ಲದರಲ್ಲೂ ಹಿಡಿಯುವುದು, ಬೀಳಿಸುವುದೇ ಇದೆ. ಹಾಗಾದರೆ ವ್ಯತ್ಯಾಸ ಏನು? ಯಾವುದಕ್ಕೆ ಸೇರಬೇಕು?

ವ್ಯತ್ಯಾಸ ನಿಯಮದಲ್ಲಿದೆ. ನಿಯಮ ಹೇಗೋ ಪಟ್ಟು ಹಾಗೆ. ಕುಸ್ತಿಯಲ್ಲಿ ಎದುರಾಳಿಯ ಎರಡೂ ಹೆಗಲು ನೆಲಕ್ಕೆ ಒತ್ತಿದರೆ ಪಂದ್ಯ ಮುಗಿಯಿತು. ಆದ್ದರಿಂದ ಕುಸ್ತಿಪಟು ಸಾಯುವಷ್ಟು ಕಷ್ಟವಾದರೂ ಬೆನ್ನನ್ನು ನೆಲಕ್ಕೆ ಕೊಡುವುದಿಲ್ಲ, ಹೊಟ್ಟೆಯ ಮೇಲೆ ಮಲಗುತ್ತಾನೆ. ಅದೇ ಜಿಜಿತ್ಸುವಿನಲ್ಲಿ ಹೊಟ್ಟೆಯ ಮೇಲೆ ಮಲಗಿದರೆ ಎದುರಾಳಿ ಬೆನ್ನೇರಿ ಕತ್ತು ಅಮುಕುತ್ತಾನೆ. ಅಲ್ಲಿಯವರು ಬೆನ್ನ ಮೇಲೆ ಮಲಗಿ, ಕಾಲುಗಳ ನಡುವೆ ಎದುರಾಳಿಯನ್ನು ಸಿಕ್ಕಿಸಿಕೊಂಡು ಆಡುತ್ತಾರೆ. ಅದನ್ನೇ ಗಾರ್ಡ್ ಎನ್ನುತ್ತಾರೆ. ಗ್ರೀಕೊ ರೋಮನ್ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲನ್ನು ಬಳಸುವಂತಿಲ್ಲ. ಹಾಗಾಗಿ ಅವರ ಎತ್ತುವ ಶಕ್ತಿ ಬೇರೆಯೇ. ಫ್ರೀಸ್ಟೈಲ್‌ನಲ್ಲಿ ಕಾಲು ಹಿಡಿಯುವುದೇ ಮುಖ್ಯ ದಾಳಿ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಸ್ಥಾಪಿಸಿ ಜೂಡೊ ರೂಪಿಸಿದರು. ಅಲ್ಲಿ ಎದುರಾಳಿಯನ್ನು ಬಲವಾಗಿ, ವೇಗವಾಗಿ, ಬೆನ್ನ ಮೇಲೆ ಕೆಡವಿದರೆ ಒಂದೇ ಏಟಿಗೆ ಗೆಲುವು. ಅಂತರರಾಷ್ಟ್ರೀಯ ಜೂಡೊ 2010ರಲ್ಲಿ ಕಾಲು ಹಿಡಿಯುವುದಕ್ಕೆ ಕಡಿವಾಣ ಹಾಕಿ, 2013ರಲ್ಲಿ ಪೂರ್ತಿ ನಿಲ್ಲಿಸಿತು. ಸೋವಿಯತ್ ಒಕ್ಕೂಟದಲ್ಲಿ ಬೆಳೆದ ಸಾಂಬೊದಲ್ಲಿ ಕಾಲಿನ ಕೀಲುಪಟ್ಟುಗಳಿವೆ, ಆದರೆ ಅದರ ಕ್ರೀಡಾ ರೂಪದಲ್ಲಿ ಕತ್ತು ಅಮುಕುವಂತಿಲ್ಲ.

ಯಾವುದಕ್ಕೆ ಸೇರಬೇಕು ಎಂದರೆ, ಎಚ್ಚರಿಕೆಯಿಂದ ಕಲಿಸುವ ಕೋಚ್ ಎಲ್ಲಿದ್ದಾರೋ ಅಲ್ಲಿಗೆ. ಎರಡು ಕಡೆ ಒಳ್ಳೆಯ ಕೋಚ್ ಇದ್ದರೆ ನಿಂತು ಆಡುವ ಕಲೆಯಿಂದ ಶುರುಮಾಡಿ. ಸಮತೋಲನವೂ ಬೀಳುವ ಧೈರ್ಯವೂ ಬೇಗ ಮೈಗೆ ಹತ್ತುತ್ತವೆ. ನೆಲದ ಮೇಲಿನ ಆಟವನ್ನು ತಡವಾಗಿ ಕಲಿತರೂ ನಡೆಯುತ್ತದೆ.

ಪ್ರಶ್ನೆ: ಒಂದು ವರ್ಷದಿಂದ ಕುಸ್ತಿ ಅಭ್ಯಾಸ ಮಾಡುತ್ತಿದ್ದೇನೆ. ಡಬಲ್ ಲೆಗ್‌ಗೆ, ಅಂದರೆ ಎರಡೂ ಕಾಲು ಹಿಡಿದು ಕೆಡವಲು, ಹೋದಾಗಲೆಲ್ಲ ಎದುರಾಳಿ ಕಾಲು ಹಿಂದಕ್ಕೆ ಹಾಕಿ ನನ್ನ ಮೇಲೆ ಮಲಗಿಬಿಡುತ್ತಾನೆ. ಮಿಶ್ರ ಸಮರಕಲೆಯ ಗೆಳೆಯರ ಜೊತೆ ಆಡಿದರೆ ಕತ್ತೇ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಇನ್ನೂ ವೇಗವಾಗಿ ನುಗ್ಗಬೇಕೇ?

ವೇಗದಿಂದ ಇದು ಸರಿಹೋಗುವುದಿಲ್ಲ. ನೀವು ದೂರದಿಂದ ನುಗ್ಗುತ್ತಿದ್ದೀರಿ ಎಂದು ನನ್ನ ಊಹೆ. ನಿಂತಲ್ಲಿಂದ, ಮುಂದಕ್ಕೆ ವಾಲದೆ, ಎದುರಾಳಿಯ ಕತ್ತಿನ ಹಿಂಭಾಗವನ್ನು ಮುಟ್ಟಲು ನಿಮ್ಮ ಕೈಗೆ ಸಾಧ್ಯವಾಗದಿದ್ದರೆ ನೀವು ಇನ್ನೂ ದೂರದಲ್ಲಿದ್ದೀರಿ. ಅಷ್ಟು ದೂರದಿಂದ ಎಷ್ಟೇ ವೇಗವಾಗಿ ಹೋದರೂ ಅವನಿಗೆ ಸೊಂಟ ಹಿಂದಕ್ಕೆ ಒಗೆಯಲು ಸಮಯ ಸಿಗುತ್ತದೆ. ಆ ಹಿಂದಕ್ಕೆ ಒಗೆಯುವುದನ್ನೇ ಸ್ಪ್ರಾಲ್ ಎನ್ನುವುದು.

ಮೊದಲು ಕೈಗಳ ಜಗಳ ಗೆಲ್ಲಬೇಕು. ಅವನ ಮಣಿಕಟ್ಟು ಹಿಡಿಯಿರಿ, ಕತ್ತಿನ ಹಿಂದೆ ಕೈ ಹಾಕಿ, ಮೊಣಕೈಯನ್ನು ಪಕ್ಕಕ್ಕೆ ತಳ್ಳಿ. ಅವನು ಸುಮ್ಮನಿರುವುದಿಲ್ಲ. ನಿಮ್ಮ ಕೈಯನ್ನು ಬಿಡಿಸಲು ಅವನ ಕೈ ಮೇಲೇಳುತ್ತದೆ, ಇಲ್ಲವೇ ನಿಮ್ಮ ಎಳೆತಕ್ಕೆ ಎದುರಾಗಿ ಮೈ ನೆಟ್ಟಗಾಗುತ್ತದೆ. ನುಗ್ಗಬೇಕಾದ್ದು ಆಗ. ಅವನ ಕೈ ಅವನ ಸೊಂಟದಿಂದ ದೂರವಿದ್ದ ಆ ಒಂದು ಕ್ಷಣದಲ್ಲಿ ಕಾಲುಗಳಿಗೆ ಕಾವಲು ಇರುವುದಿಲ್ಲ.

ಈಗ ಇಳಿಯುವ ಬಗೆ. ನಡು ಬಗ್ಗಿಸಬೇಡಿ. ಮೊಣಕಾಲು ಬಗ್ಗಿಸಿ ಇಡೀ ಮೈಯನ್ನು ಕೆಳಗಿಳಿಸಿ, ಬೆನ್ನು ನೇರವಾಗಿರಲಿ, ಕಣ್ಣು ಅವನ ಎದೆಯ ಮೇಲಿರಲಿ. ಮುಂದಿನ ಪಾದ ಅವನ ಎರಡು ಪಾದಗಳ ನಡುವೆ ಆಳಕ್ಕೆ ಹೋಗಬೇಕು. ಮೊಣಕಾಲು ಮ್ಯಾಟ್‌ಗೆ ತಾಗಿದರೆ ತಾಗಲಿ, ಆದರೆ ಅಲ್ಲಿ ಕುಳಿತುಬಿಡಬಾರದು. ಹಿಂದಿನ ಕಾಲು ತಕ್ಷಣ ಮುಂದೆ ಬಂದು ಅವನ ಪಾದದ ಹೊರಗೆ ಊರಬೇಕು. ನಿಮ್ಮ ಕಿವಿ ಅವನ ಪಕ್ಕೆಲುಬಿಗೆ ಅಂಟಿಕೊಂಡಿರಲಿ. ತಲೆ ಕೆಳಕ್ಕೆ ಜೋತುಬಿದ್ದು ಓಟ ನಿಂತಾಗಲೇ ಗೆಳೆಯರು ನಿಮ್ಮ ಕತ್ತನ್ನು ಕಂಕುಳಲ್ಲಿ ಸಿಕ್ಕಿಸುವುದು. ಕೈಗಳು ಮೊಣಕಾಲಿನ ಹಿಂಭಾಗವನ್ನು ಕೂಡಿಸಿ ಎಳೆಯಲಿ. ಇಲ್ಲಿ ನೇರಕ್ಕೆ ತಳ್ಳುತ್ತಾ ಹೋದರೆ ಅವನು ಒಂದೊಂದೇ ಹೆಜ್ಜೆ ಹಿಂದಿಟ್ಟು ಉಳಿದುಕೊಳ್ಳುತ್ತಾನೆ. ತಲೆಯಿಂದ ಅವನ ಪಕ್ಕೆಯನ್ನು ಒತ್ತುತ್ತಾ ಪಕ್ಕಕ್ಕೆ ತಿರುಗಿ. ಪಕ್ಕಕ್ಕೆ ಬೀಳುವವನಿಗೆ ಊರಲು ಕಾಲೇ ಇರುವುದಿಲ್ಲ, ಅದು ನಿಮ್ಮ ಕೈಯಲ್ಲಿದೆ.

ಆದರೂ ಅವನು ಸ್ಪ್ರಾಲ್ ಮಾಡಿ ಮೇಲೆ ಬಿದ್ದ ಎನ್ನೋಣ. ಉದ್ದಕ್ಕೆ ಚಾಚಿಕೊಂಡು, ಎರಡೂ ಕಾಲನ್ನು ತಬ್ಬಿಕೊಂಡು ಮಲಗುವುದು ಹೊಸಬರ ಸ್ವಭಾವ. ಮಂಡಿಗಳನ್ನು ನಿಮ್ಮ ಸೊಂಟದ ಕೆಳಗೆ ಎಳೆದುಕೊಳ್ಳಿ, ಒಂದು ಕಾಲನ್ನು ಬಿಟ್ಟು ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿಯಿರಿ, ತಲೆ ಎತ್ತಿ. ಡಬಲ್ ಹೋಗಿ ಸಿಂಗಲ್ ಲೆಗ್ ಆಯಿತು. ಒಳ್ಳೆಯ ಕುಸ್ತಿಪಟುಗಳು ಬಹುಪಾಲು ಹೀಗೆಯೇ ಎರಡನೆಯದೋ ಮೂರನೆಯದೋ ಯತ್ನದಲ್ಲಿ ಅಂಕ ತೆಗೆಯುತ್ತಾರೆ. 1988 ಮತ್ತು 1992ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ಜಾನ್ ಸ್ಮಿತ್ ಅವರ ಲೋ ಸಿಂಗಲ್ ಜಗತ್ಪ್ರಸಿದ್ಧ. ಅವರು ಮೊಣಕಾಲನ್ನೂ ಬಿಟ್ಟು ಹಿಮ್ಮಡಿಯ ಹತ್ತಿರಕ್ಕೇ ಇಳಿಯುತ್ತಿದ್ದರು. ಅವರ ಹಳೆಯ ಪಂದ್ಯಗಳನ್ನು ನೋಡುವಾಗ ಕಾಲು ಹಿಡಿಯುವ ಕ್ಷಣವನ್ನು ಬಿಟ್ಟು, ಅದಕ್ಕೂ ಮುಂಚಿನ ಕೈಗಳ ಕೆಲಸವನ್ನು ನೋಡಿ.

ಪ್ರಶ್ನೆ: ನನ್ನ ಬೆರಳುಗಳು ಬೇಗ ಸೋಲುತ್ತವೆ. ಎರಡನೇ ಸುತ್ತಿಗೆ ಹಿಡಿತವೇ ಇರುವುದಿಲ್ಲ. ಹಿಡಿತ ಗಟ್ಟಿ ಮಾಡುವ ವ್ಯಾಯಾಮ ಹೇಳಿ.

ವ್ಯಾಯಾಮಕ್ಕಿಂತ ಮೊದಲು ವ್ಯರ್ಥ ಖರ್ಚನ್ನು ನಿಲ್ಲಿಸಿ. ಹೊಸಬರು ಆರು ನಿಮಿಷವೂ ಒಂದೇ ಬಿಗಿಯಲ್ಲಿ ಹಿಡಿದಿರುತ್ತಾರೆ. ಎಳೆಯುವಾಗ ಬಿಗಿ, ಉಳಿದ ಹೊತ್ತು ಕೊಕ್ಕೆಯ ಹಾಗೆ ಸುಮ್ಮನೆ ಸಿಕ್ಕಿಸಿದ್ದರೆ ಸಾಕು. ಜೂಡೊ ಅಂಗಿ ಹಿಡಿಯುವಾಗ ಕಿರುಬೆರಳು, ಉಂಗುರಬೆರಳು, ನಡುಬೆರಳುಗಳಿಂದ ಹಿಡಿಯಿರಿ, ತೋರುಬೆರಳು ಸಡಿಲವಾಗಿರಲಿ. ಮೊಣಕೈ ಪಕ್ಕೆಗೆ ಹತ್ತಿರವಿದ್ದಷ್ಟೂ ಬೆನ್ನಿನ ದೊಡ್ಡ ಸ್ನಾಯುಗಳು ಕೆಲಸ ಮಾಡುತ್ತವೆ, ಬೆರಳಿಗೆ ಹೊರೆ ಕಡಿಮೆ.

ಎರಡು ಕೈ ಕೂಡಿಸಿ ಎದುರಾಳಿಯ ನಡು ಬಳಸುವಾಗ ಬೆರಳುಗಳನ್ನು ಒಂದರೊಳಗೊಂದು ಹೆಣೆಯಬೇಡಿ, ಮುರಿಯುತ್ತವೆ. ಅಂಗೈಗೆ ಅಂಗೈ ಅಡ್ಡಡ್ಡ ಸೇರಿಸಿ, ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೇ ಇರಲಿ. ಇದಕ್ಕೆ ಗೇಬಲ್ ಹಿಡಿತ ಎಂಬ ಹೆಸರಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒಂದೂ ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದ ಡ್ಯಾನ್ ಗೇಬಲ್ ಅವರ ಹೆಸರು ಅದು.

ಹಿಡಿತ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ 2000ದ ಸಿಡ್ನಿ ಒಲಿಂಪಿಕ್ಸ್ ಫೈನಲ್ ನೆನಪಿಸಿಕೊಳ್ಳಿ. ರಷ್ಯಾದ ಅಲೆಕ್ಸಾಂಡರ್ ಕರೇಲಿನ್ 130 ಕಿಲೊ ವಿಭಾಗದ ಗ್ರೀಕೊ ರೋಮನ್ ಕುಸ್ತಿಪಟು. 1988, 1992, 1996 ಮೂರರಲ್ಲೂ ಚಿನ್ನ ಗೆದ್ದವರು. ನೆಲಕ್ಕೆ ಅಂಟಿ ಮಲಗಿದ ದೈತ್ಯರನ್ನು ನಡು ಹಿಡಿದು ಎತ್ತಿ ಹಿಂದಕ್ಕೆ ಎಸೆಯುತ್ತಿದ್ದರು. ಆ ಫೈನಲ್‌ನಲ್ಲಿ ಇಬ್ಬರೂ ಪರಸ್ಪರ ತಬ್ಬಿ ನಿಂತಿದ್ದಾಗ ಅವರ ಕೂಡಿದ ಕೈಗಳು ಒಮ್ಮೆ ಬಿಚ್ಚಿಕೊಂಡವು. ಅಂದಿನ ನಿಯಮದ ಪ್ರಕಾರ ಎದುರಾಳಿ ರುಲಾನ್ ಗಾರ್ಡ್‌ನರ್‌ಗೆ ಒಂದು ಅಂಕ ಸಿಕ್ಕಿತು. ಪಂದ್ಯ 1-0ಗೆ ಮುಗಿಯಿತು. ವರ್ಷಗಳಿಂದ ಸೋಲೇ ಕಾಣದಿದ್ದ ಕರೇಲಿನ್ ಸೋತರು. ಆ ಪಂದ್ಯವನ್ನು ಈಗಲೂ ನನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ವ್ಯಾಯಾಮ ಬೇಕೇ ಬೇಕು ಎಂದರೆ ಹಗ್ಗ ಹತ್ತಿ, ಟವೆಲ್‌ಗೆ ಜೋತುಬಿದ್ದು ಮೈ ಎತ್ತಿ. ಮರುದಿನ ಬೆರಳಿನ ಗಿಣ್ಣುಗಳು ನೋಯುತ್ತಿದ್ದರೆ ಬಿಡುವು ಕೊಡಿ.

ಪ್ರಶ್ನೆ: ಜಿಜಿತ್ಸು ತರಗತಿಯಲ್ಲಿ ಯಾರಾದರೂ ಎದೆಯ ಮೇಲೆ ಕುಳಿತರೆ ನನ್ನ ಕಥೆ ಮುಗಿಯಿತು. ಒಂದು ನಿಮಿಷದಲ್ಲಿ ಉಸಿರು ಕಟ್ಟಿ ಸೋಲೊಪ್ಪುತ್ತೇನೆ. ಶಕ್ತಿ ಸಾಲುತ್ತಿಲ್ಲವೇ?

ಮೌಂಟ್ ಎನ್ನುವ ಆ ಸ್ಥಾನ ಕೆಟ್ಟದ್ದೇ. ಜಿಜಿತ್ಸು ಸ್ಪರ್ಧೆಗಳಲ್ಲಿ ಎದುರಾಳಿಯನ್ನು ಕೆಡವಿದರೆ 2 ಅಂಕ, ಅವನ ಗಾರ್ಡ್ ದಾಟಿದರೆ 3, ಮೌಂಟ್‌ಗೆ ಅಥವಾ ಬೆನ್ನಿಗೆ ಬಂದರೆ 4. ಮೈಮೇಲೆ ಕುಳಿತವನ ಅನುಕೂಲ ಎಷ್ಟೆಂದು ಅದೇ ಹೇಳುತ್ತದೆ. ಆದರೆ ಉಸಿರು ಕಟ್ಟುವುದು ಅವನ ಭಾರದಿಂದಲ್ಲ, ನೀವೇ ಉಸಿರು ಹಿಡಿದುಕೊಳ್ಳುತ್ತಿದ್ದೀರಿ. ಹೆದರಿದಾಗ ಎಲ್ಲರೂ ಹಾಗೆ ಮಾಡುತ್ತಾರೆ. ಜೊತೆಗಾರನಿಗೆ ಹೇಳಿ ಸುಮ್ಮನೆ ಮೌಂಟ್‌ನಲ್ಲಿ ಕೂರಿಸಿಕೊಳ್ಳಿ. ಪಟ್ಟು ಬೇಡ, ಬಿಡಿಸಿಕೊಳ್ಳುವುದೂ ಬೇಡ. ಅವನು ಭಾರ ಬಿಡಲಿ, ನೀವು ಮೂಗಿನಲ್ಲಿ ಎಳೆದು ಬಾಯಲ್ಲಿ ಉದ್ದಕ್ಕೆ ಬಿಡುತ್ತಾ ಮಲಗಿರಿ. ಕೆಲವು ವಾರಗಳಲ್ಲಿ ಆ ಗಾಬರಿ ಕರಗುತ್ತದೆ. ಅದು ಕರಗದೆ ಮುಂದಿನ ಯಾವ ಪಾಠವೂ ತಲೆಗೆ ಹೋಗುವುದಿಲ್ಲ.

ಮಾಡಬಾರದ ಎರಡು ಕೆಲಸಗಳನ್ನು ಮೊದಲು ಹೇಳುತ್ತೇನೆ. ಎರಡೂ ಕೈ ಚಾಚಿ ಅವನ ಎದೆಯನ್ನು ಮೇಲಕ್ಕೆ ತಳ್ಳಬೇಡಿ. ಚಾಚಿದ ಕೈ ಆರ್ಮ್‌ಬಾರ್‌ಗೆ ಕೊಟ್ಟ ಉಡುಗೊರೆ. ಗಾಬರಿಯಲ್ಲಿ ಹೊಟ್ಟೆಯ ಮೇಲೆ ತಿರುಗಬೇಡಿ, ಬೆನ್ನು ಕೊಟ್ಟಂತಾಗುತ್ತದೆ. ಮೊಣಕೈಗಳು ಪಕ್ಕೆಗೆ ಅಂಟಿರಲಿ, ಗದ್ದ ಕೆಳಗಿರಲಿ.

ಬಿಡಿಸಿಕೊಳ್ಳಲು ಎರಡು ದಾರಿ, ಎರಡೂ ಸೊಂಟದಿಂದಲೇ. ಒಂದು, ಸೇತುವೆ. ಅವನ ಬಲಗೈಯನ್ನು ಮಣಿಕಟ್ಟು ಮತ್ತು ಮೊಣಕೈಯ ಮೇಲೆ ಹಿಡಿದು ನಿಮ್ಮ ಎದೆಗೆ ಒತ್ತಿಕೊಳ್ಳಿ. ಅದೇ ಬದಿಯ ಅವನ ಪಾದವನ್ನು ನಿಮ್ಮ ಪಾದದಿಂದ ಹೊರಗಿನಿಂದ ಸಿಕ್ಕಿಸಿ. ಈಗ ಆ ಬದಿಗೆ ಅವನಿಗೆ ಊರಲು ಕೈಯೂ ಇಲ್ಲ, ಕಾಲೂ ಇಲ್ಲ. ಹಿಮ್ಮಡಿಗಳನ್ನು ಪೃಷ್ಠದ ಹತ್ತಿರ ತಂದು ಸೊಂಟವನ್ನು ಚಿಮ್ಮಿಸಿ, ಆದರೆ ನೇರ ಮೇಲಕ್ಕಲ್ಲ, ಆ ಬದಿಯ ಹೆಗಲಿನ ಮೇಲಿಂದ ಓರೆಯಾಗಿ. ಅವನು ಉರುಳುತ್ತಾನೆ. ಇನ್ನೊಂದು, ಸೊಂಟ ಸರಿಸುವುದು. ಒಂದು ಪಕ್ಕಕ್ಕೆ ಹೊರಳಿ, ಮುಂಗೈಯನ್ನು ಅವನ ಸೊಂಟಕ್ಕೆ ಅಡ್ಡ ಕೊಟ್ಟು, ಸೊಂಟವನ್ನು ಹಿಂದಕ್ಕೆ ಜಾರಿಸಿ, ಆದ ಸಂದಿಯಲ್ಲಿ ಮೊಣಕಾಲು ತೂರಿಸಿ. ಸೇತುವೆಗೆ ಅವನು ಎಚ್ಚೆತ್ತು ಭಾರವನ್ನು ಮೇಲಕ್ಕೆ ಸರಿಸಿದರೆ ಕೆಳಗೆ ಸಂದಿಯಾಗುತ್ತದೆ. ಸಂದಿ ಮುಚ್ಚಲು ಕೆಳಗೆ ಜಾರಿದರೆ ಸೇತುವೆ ಮತ್ತೆ ಕೆಲಸ ಮಾಡುತ್ತದೆ. ಎರಡನ್ನೂ ಜೋಡಿಸಿ ಅಭ್ಯಾಸ ಮಾಡಿ.

ಪ್ರಶ್ನೆ: ನನ್ನ ತೂಕ 48 ಕಿಲೊ. ತಂತ್ರ ಇದ್ದರೆ ಎಷ್ಟು ದೊಡ್ಡವರನ್ನಾದರೂ ಸೋಲಿಸಬಹುದು ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ತರಗತಿಯಲ್ಲಿ ಹುಡುಗಿಯರು ಕಡಿಮೆ, 80 ಕಿಲೊದವರ ಜೊತೆಗೂ ಆಡಬೇಕಾಗುತ್ತದೆ.

ನಿಮ್ಮ ಅನಿಸಿಕೆಯೇ ಸರಿ. ತೂಕಕ್ಕೆ ಬೆಲೆ ಇಲ್ಲದಿದ್ದರೆ ತೂಕದ ವಿಭಾಗಗಳನ್ನು ಏಕೆ ಮಾಡುತ್ತಿದ್ದರು? 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ನಡೆದ ಯುಎಫ್‌ಸಿ ಎಂಬ ಮಿಶ್ರ ಸಮರಕಲೆ ಸ್ಪರ್ಧೆಯ ಮೊದಲ ಆವೃತ್ತಿಯಲ್ಲಿ, ಸುಮಾರು 80 ಕಿಲೊದ ಜಿಜಿತ್ಸು ಪಟು ರಾಯ್ಸ್ ಗ್ರೇಸಿ ತನಗಿಂತ ಭಾರದವರನ್ನು ಸೋಲಿಸಿದ್ದು ನಿಜ. ಆಗ ನೆಲದ ಮೇಲಿನ ಆಟ ಬಲ್ಲವರು ಅಲ್ಲಿ ಕಡಿಮೆ ಇದ್ದರು. ಇಂದು ಅದು ಎಲ್ಲರಿಗೂ ಗೊತ್ತು. ಇಬ್ಬರಿಗೂ ಸಮಾನ ತಂತ್ರವಿದ್ದರೆ ಭಾರದವರ ಕೈ ಮೇಲಾಗುತ್ತದೆ.

ಹಾಗಂತ ನಿಮಗೆ ಆಯುಧಗಳಿಲ್ಲ ಎಂದಲ್ಲ. ಸ್ನಾಯುವಿನಿಂದ ತಳ್ಳುವ ಬದಲು ಮೂಳೆಯನ್ನು ಅಡ್ಡ ಕೊಡಿ: ಮುಂಗೈ ಅವರ ಕತ್ತಿಗೆ, ಮೊಣಕಾಲು ಅವರ ಸೊಂಟಕ್ಕೆ. ನೆಲದ ಮೇಲೆ ಚಪ್ಪಟೆಯಾಗಿ ಮಲಗದೆ ಯಾವಾಗಲೂ ಒಂದು ಪಕ್ಕಕ್ಕೆ ಇರಿ. ಅವರ ಕೆಳಗೆ ಸಿಕ್ಕಿಕೊಳ್ಳುವುದಕ್ಕಿಂತ ಬೆನ್ನ ಹಿಂದೆ ಸೇರಿಕೊಳ್ಳುವ ಆಟ ಬೆಳೆಸಿ. ಬೆನ್ನ ಹಿಂದಿರುವವಳ ಮೇಲೆ ಅವರು ತಮ್ಮ ಭಾರ ಹಾಕುವುದು ಕಷ್ಟ.

ಇನ್ನು ಜೊತೆಗಾರರ ವಿಷಯ. ಯಾರ ಜೊತೆ ಆಡುವುದಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ, ಕಾರಣ ಕೊಡಬೇಕಾಗಿಲ್ಲ. ಆಟದ ಉತ್ಸಾಹದಲ್ಲಿ ಭಾರ ಮರೆಯುವವರು, ಮುಟ್ಟುವ ರೀತಿ ಸರಿಯಿಲ್ಲದವರು, ಇಬ್ಬರ ಜೊತೆಯೂ ಬೇಡ. ಎರಡನೆಯದನ್ನು ಕೋಚ್‌ಗೆ ಅಂದೇ ಹೇಳಿ. ಕೇಳಿ ಸುಮ್ಮನಾಗುವ ಕೋಚ್ ಆದರೆ ಆ ಜಾಗ ಬಿಡಿ.

ಪ್ರಶ್ನೆ: 15 ವರ್ಷದ ಮಗ ಕತ್ತು ಅಮುಕುವ ಪಟ್ಟುಗಳನ್ನು ಕಲಿಯುತ್ತಿದ್ದಾನೆ. ತಾಯಿಯಾಗಿ ಭಯವಾಗುತ್ತದೆ. ಇದು ಅಪಾಯವಲ್ಲವೇ?

ಭಯಪಡುವುದು ತಪ್ಪಲ್ಲ ತಾಯಿ, ವಿಷಯ ತಿಳಿದುಕೊಂಡು ಪಡೋಣ. ಸರಿಯಾಗಿ ಹಾಕಿದ ಪಟ್ಟು ಶ್ವಾಸನಾಳವನ್ನು ಒತ್ತುವುದಿಲ್ಲ. ಕತ್ತಿನ ಎರಡೂ ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ, ಅವುಗಳನ್ನು ಒತ್ತುತ್ತದೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಬೇಗ, ಪ್ರಜ್ಞೆ ತಪ್ಪುತ್ತದೆ. ತಕ್ಷಣ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಮರಳುತ್ತದೆ. ಬಿಡದಿದ್ದರೆ ಜೀವಕ್ಕೇ ಅಪಾಯ. ಆದ್ದರಿಂದ ಇದರಲ್ಲಿ ಎಲ್ಲವೂ ನಿಂತಿರುವುದು ಟ್ಯಾಪ್ ಮೇಲೆ: ಸೋತವನು ಜೊತೆಗಾರನ ಮೈಮೇಲೆ ಎರಡು ಮೂರು ಸಲ ತಟ್ಟುತ್ತಾನೆ, ಹಿಡಿದವನು ಆ ಕ್ಷಣ ಬಿಡುತ್ತಾನೆ. ಕೈ ಸಿಕ್ಕಿಕೊಂಡಿದ್ದರೆ ಕಾಲಿನಿಂದ ನೆಲ ಬಡಿಯಬೇಕು, ಬಾಯಲ್ಲಿ ಹೇಳಬೇಕು.

ಒಂದು ದಿನ ತರಗತಿಯ ಅಂಚಿನಲ್ಲಿ ಕುಳಿತು ನೋಡಿ. ಟ್ಯಾಪ್ ಬಿದ್ದ ಮೇಲೂ ಅರೆಕ್ಷಣ ಹೆಚ್ಚು ಹಿಡಿಯುವ ಹುಡುಗರಿದ್ದಾರೆಯೇ? ಇದ್ದರೆ ಕೋಚ್ ಗದರಿಸುತ್ತಾರೆಯೇ? ಬೇಗ ಟ್ಯಾಪ್ ಮಾಡಿದವನನ್ನು ಯಾರಾದರೂ ಹಂಗಿಸುತ್ತಾರೆಯೇ? ಮುಂಗೈ ಮೂಳೆಯನ್ನು ಗಂಟಲಿಗೆ ನೇರವಾಗಿ ಒತ್ತುವುದನ್ನು ತಡೆಯುತ್ತಾರೆಯೇ? ಪ್ರಜ್ಞೆ ತಪ್ಪಿದವನನ್ನು ಅಂದು ಮತ್ತೆ ಆಡಿಸದೆ ವೈದ್ಯರಿಗೆ ತೋರಿಸುತ್ತಾರೆಯೇ? ಉತ್ತರಗಳು ಸರಿಯಿದ್ದರೆ ಮಗನನ್ನು ಕಳುಹಿಸಿ.

ಮಗನಿಗೆ 1951ರ ಒಂದು ಪಂದ್ಯದ ಕಥೆ ಹೇಳಿ. ರಿಯೊದ ಮಾರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ, ಬ್ರೆಜಿಲ್‌ನ ಎಲಿಯೊ ಗ್ರೇಸಿಯ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಎಲಿಯೊ ಟ್ಯಾಪ್ ಮಾಡಲಿಲ್ಲ. ತೋಳು ಮುರಿಯಿತು, ಅವರ ಕಡೆಯವರೇ ಪಂದ್ಯ ನಿಲ್ಲಿಸಿದರು. ಆ ಪಟ್ಟಿಗೆ ಇಂದು ಕಿಮುರಾ ಎಂದೇ ಹೆಸರು. ಇದನ್ನು ಧೈರ್ಯದ ಕಥೆಯಾಗಿ ಹೇಳುವವರಿದ್ದಾರೆ. ನಾನು ನನ್ನ ಮಕ್ಕಳಿಗೆ ಮೂಳೆಯ ಕಥೆಯಾಗಿ ಹೇಳುತ್ತೇನೆ. ತರಗತಿಯಲ್ಲಿ ಟ್ಯಾಪ್ ಮಾಡಿದವನು ಮರುನಿಮಿಷ ಮತ್ತೆ ಆಡುತ್ತಾನೆ, ತೋಳು ಮುರಿದುಕೊಂಡವನು ತಿಂಗಳುಗಟ್ಟಲೆ ಕೂರುತ್ತಾನೆ.

ಪ್ರಶ್ನೆ: ಹೀಲ್ ಹುಕ್ ಕಲಿಸಿ ಎಂದರೆ ನಮ್ಮ ಕೋಚ್ ಒಪ್ಪುತ್ತಿಲ್ಲ. ಹೊಸಬರಿಗೆ ಏಕೆ ಕೊಡುವುದಿಲ್ಲ?

ಅವರಿಗೆ ನನ್ನ ನಮಸ್ಕಾರ ಹೇಳಿ. ಆರ್ಮ್‌ಬಾರ್‌ನಲ್ಲಿ ಮೊಣಕೈ ನೋಯುತ್ತದೆ, ಆಮೇಲೆ ಹಾಳಾಗುತ್ತದೆ. ಟ್ಯಾಪ್ ಮಾಡಲು ಸಮಯವಿದೆ. ಹೀಲ್ ಹುಕ್‌ನಲ್ಲಿ ಹಿಮ್ಮಡಿ ಹಿಡಿದು ತಿರುಚುತ್ತಾರೆ, ಪೆಟ್ಟು ಬೀಳುವುದು ಮೊಣಕಾಲಿನೊಳಗಿನ ಅಸ್ಥಿರಜ್ಜುಗಳಿಗೆ. ಅಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಹರಿದಿರಬಹುದು. ಸಿಕ್ಕವನು ಗಾಬರಿಯಲ್ಲಿ ತಪ್ಪು ದಿಕ್ಕಿಗೆ ಹೊರಳಿದರೆ ತನ್ನ ಮೊಣಕಾಲನ್ನು ತಾನೇ ಹರಿದುಕೊಳ್ಳುತ್ತಾನೆ. ಯಾವ ದಿಕ್ಕಿಗೆ ಹೊರಳಬೇಕು, ಯಾವಾಗ ಅಲುಗಾಡದೆ ಟ್ಯಾಪ್ ಮಾಡಬೇಕು ಎಂಬುದು ನಿಮಗೂ ನಿಮ್ಮ ಜೊತೆಗಾರನಿಗೂ ಮೈಗತವಾಗುವ ತನಕ ಕಾಯಿರಿ.

ಪ್ರಶ್ನೆ: ಕಿವಿ ಊದಿ ಮೆತ್ತಗಾಗಿದೆ. ಸೂಜಿಯಿಂದ ತೆಗೆಯಬಹುದು ಎಂದು ಗೆಳೆಯರು ಹೇಳುತ್ತಾರೆ.

ಮನೆಯಲ್ಲಿ ಸೂಜಿ ಮುಟ್ಟಬೇಡಿ. ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ತುಂಬಿದೆ. ಮೃದ್ವಸ್ಥಿಗೆ ಪೋಷಣೆ ಬರುವುದು ಆ ಹೊದಿಕೆಯಿಂದಲೇ. ಬೇರೆಯಾಗಿಯೇ ಉಳಿದರೆ ಅದು ಸತ್ತು, ಕಿವಿ ಶಾಶ್ವತವಾಗಿ ಮುದುಡುತ್ತದೆ. ಇಂದೋ ನಾಳೆಯೋ ಕಿವಿ, ಮೂಗು, ಗಂಟಲು ತಜ್ಞರ ಬಳಿ ಹೋಗಿ. ಅವರು ತೆಗೆದು, ಮತ್ತೆ ತುಂಬದಂತೆ ಒತ್ತಿ ಕಟ್ಟುತ್ತಾರೆ. ವಾಸಿಯಾಗುವ ತನಕ ಮ್ಯಾಟ್ ಬೇಡ. ಆಮೇಲೆ ಕಿವಿಗವಸು ಹಾಕಿಕೊಳ್ಳಿ. ಮುದುಡಿದ ಕಿವಿ ಪೈಲ್ವಾನರ ಪದಕ ಎನ್ನುವ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ತೋಳಿನ ಮೇಲೆ ದುಂಡಗೆ ಕೆಂಪು ಕಲೆ, ಅಂಚು ಉಬ್ಬಿದೆ, ತುರಿಕೆ. ಬಟ್ಟೆಯಿಂದ ಮುಚ್ಚಿಕೊಂಡು ಅಭ್ಯಾಸಕ್ಕೆ ಹೋಗಬಹುದೇ?

ಹೋಗಬಾರದು. ಹುಳುಕಡ್ಡಿ ಇರಬೇಕು, ಚರ್ಮವೈದ್ಯರಿಗೆ ತೋರಿಸಿ. ಅವರು ಹೇಳುವ ತನಕ ಮ್ಯಾಟ್ ಹತ್ತಬೇಡಿ. ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಲ್ಲಿ ಸ್ಟೆರಾಯ್ಡ್ ಇದ್ದರೆ ತುರಿಕೆ ಅಡಗಿ ಸೋಂಕು ಹರಡುತ್ತದೆ. ಗುಂಪು ಗುಂಪಾಗಿ ಸಣ್ಣ ನೀರುಗುಳ್ಳೆ ಎದ್ದವರಂತೂ ಯಾರನ್ನೂ ಮುಟ್ಟದೆ ವೈದ್ಯರಲ್ಲಿಗೆ ಹೋಗಿ. ಆಟ ಮುಗಿದ ಕೂಡಲೇ ಸ್ನಾನ, ಪ್ರತಿ ಸಲ ಒಗೆದ ಬಟ್ಟೆ, ಕತ್ತರಿಸಿದ ಉಗುರು. ಶೌಚಾಲಯಕ್ಕೆ ಬರಿಗಾಲಲ್ಲಿ ಹೋಗಿ ಬಂದು ಮ್ಯಾಟ್ ತುಳಿಯುವವರನ್ನು ನಾನು ಮನೆಗೆ ಕಳುಹಿಸುತ್ತೇನೆ.

ಪ್ರಶ್ನೆ: ನನಗೆ 17. ಐದು ದಿನದಲ್ಲಿ ಪಂದ್ಯ, 3 ಕಿಲೊ ಇಳಿಸಬೇಕು. ನೀರು ಬಿಟ್ಟು, ಪ್ಲಾಸ್ಟಿಕ್ ಸೂಟ್ ಹಾಕಿ ಓಡಿದರೆ ಆಗುತ್ತದೆಯೇ?

ಬೇಡ ಮಗೂ. ಮೇಲಿನ ವಿಭಾಗದಲ್ಲಿ ಆಡು. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಬೆವರು ಸುರಿಸಿ ತೂಕ ಇಳಿಸುವಾಗ, ಕೆಲವೇ ವಾರಗಳ ಅಂತರದಲ್ಲಿ, ಸತ್ತರು. ಆಮೇಲೆ ಅಲ್ಲಿ ರಬ್ಬರ್ ಸೂಟನ್ನೂ ಹಬೆಕೋಣೆಯನ್ನೂ ನಿಷೇಧಿಸಿದರು. ಪ್ಯಾರಿಸ್ 2024ರಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಒದ್ದಾಡಿದರೂ 50 ಕಿಲೊ ಮಿತಿಗಿಂತ 100 ಗ್ರಾಂ ಹೆಚ್ಚಿದ್ದುದಕ್ಕೆ ಫೈನಲ್ ಕಳೆದುಕೊಂಡಿದ್ದನ್ನು ನೀನೂ ನೋಡಿರುತ್ತೀಯ. ಅವರ ಜೊತೆ ವೈದ್ಯರ ತಂಡವಿತ್ತು. ನಿನ್ನ ಜೊತೆ ಯಾರಿದ್ದಾರೆ? ಈ ಪತ್ರವನ್ನು ಅಪ್ಪ ಅಮ್ಮನಿಗೆ ತೋರಿಸು. ಇಳಿಸು ಎಂದು ಕೋಚ್ ಹೇಳಿದ್ದರೆ ಅವರಿಗೂ ತೋರಿಸು.

ಪ್ರಶ್ನೆ: 46 ವರ್ಷಕ್ಕೆ ಶುರುಮಾಡಬಹುದೇ?

ಮಾಡಬಹುದು. ರಕ್ತದೊತ್ತಡ, ಹೃದಯ, ಬೆನ್ನು, ಕತ್ತು ಇವುಗಳನ್ನು ವೈದ್ಯರಿಗೆ ತೋರಿಸಿಕೊಳ್ಳಿ. ವಾರಕ್ಕೆ ಎರಡು ದಿನ ಸಾಕು. ಮೊದಲ ವರ್ಷ ತಲೆಯ ಮೇಲೆ ಭಾರ ಹಾಕುವ ಕತ್ತಿನ ಸೇತುವೆ ಬೇಡ, ಎತ್ತಿ ಎಸೆಯುವ ಪಟ್ಟುಗಳಿಗೆ ಮೈ ಕೊಡುವುದೂ ಬೇಡ. ಇಪ್ಪತ್ತರ ಹುಡುಗ ಜಿದ್ದಿಗೆ ಬಿದ್ದರೆ ನಕ್ಕು ಟ್ಯಾಪ್ ಮಾಡಿ.

ಪ್ರಶ್ನೆ: ನಾನು ಹೊಸದಾಗಿ ಕೋಚ್ ಆಗಿದ್ದೇನೆ. ಎಂಟರಿಂದ ಹತ್ತು ವರ್ಷದ ಮಕ್ಕಳಿಗೆ ಮೊದಲ ತಿಂಗಳು ಯಾವ ಪಟ್ಟು ಕಲಿಸಲಿ?

ಪಟ್ಟಿನ ಹೆಸರು ಹೇಳದೆ ಆಟ ಆಡಿಸಿ. ಒಬ್ಬರು ಕೈಕಾಲು ಮುದುರಿ ಆಮೆಯಂತೆ ಕೂರಲಿ, ಇನ್ನೊಬ್ಬರು ಮಗುಚಿ ಹಾಕಲಿ. ಮೊಣಕಾಲ ಮೇಲೆ ನಿಂತು ಒಬ್ಬರನ್ನೊಬ್ಬರು ಗೆರೆಯಾಚೆ ತಳ್ಳಲಿ. ಸೊಂಟಪಟ್ಟಿಗೆ ಬಟ್ಟೆಯ ಬಾಲ ಸಿಕ್ಕಿಸಿ, ಬೆನ್ನ ಹಿಂದೆ ಹೋಗಿ ಕಿತ್ತುಕೊಳ್ಳಲಿ. ಭಾರ ಹಾಕುವುದು, ಸೊಂಟ ತಗ್ಗಿಸುವುದು, ಬೆನ್ನಿಗೆ ಬರುವುದು ಮೂರೂ ಇದರಲ್ಲೇ ಬಂದುಹೋಗುತ್ತವೆ. ಪ್ರತಿ ತರಗತಿಯ ಆರಂಭದಲ್ಲಿ ಬೀಳುವ ಅಭ್ಯಾಸ ಇರಲೇಬೇಕು. ಮೊದಲ ದಿನದಿಂದ ಟ್ಯಾಪ್ ಕಲಿಸಿ, ಕೀಲು ಮತ್ತು ಕತ್ತಿನ ಪಟ್ಟುಗಳನ್ನು ಮಾತ್ರ ಈ ವಯಸ್ಸಿಗೆ ತರಬೇಡಿ. ಮಕ್ಕಳನ್ನು ವಯಸ್ಸಿನ ಪ್ರಕಾರವಲ್ಲ, ತೂಕ ನೋಡಿ ಜೋಡಿ ಮಾಡಿ. ಒಂದು ಜೋಡಿ ಉರುಳಿ ಇನ್ನೊಂದಕ್ಕೆ ಬಡಿಯದಷ್ಟು ಜಾಗ ಬಿಡಿ. ಜಾಗ ಸಾಲದಿದ್ದರೆ ಅರ್ಧ ಮಕ್ಕಳನ್ನು ಅಂಚಿನಲ್ಲಿ ಕೂರಿಸಿ, ಸರದಿಯ ಮೇಲೆ ಆಡಿಸಿ.